ಗೆರೆಗೆ ಗೆರೆಯೇ ಉತ್ತರ

ಬಾಂದ್ರಾ ಪೂರ್ವದ ಕಲಾನಗರವನ್ನು ಹಾದು ದಿನವೂ ಕಚೇರಿಗೆ ಹೋಗುವ ನಮಗೆ ವ್ಯಂಗ್ಯಚಿತ್ರದ ಶಕ್ತಿಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಅಲ್ಲಿ ನೆಲೆಸಿದ್ದ ಬಾಳ ಠಾಕರೆಯವರು ಮೊದಲು ವ್ಯಂಗ್ಯಚಿತ್ರಕಾರರು. 1960ರಲ್ಲಿ ಅವರು ಆರಂಭಿಸಿದ ‘ಮಾರ್ಮಿಕ’ ವಾರಪತ್ರಿಕೆ ದಕ್ಷಿಣದವರನ್ನು ಗೇಲಿಗೆ ಗುರಿಮಾಡಿತು. ಆ ದಶಕದಲ್ಲೇ ಉಡುಪಿ ಹೋಟೆಲುಗಳ ಮೇಲೆ ದಾಳಿಗಳೂ ನಡೆದವು. ಆದ್ದರಿಂದ ‘ಬರೀ ಚಿತ್ರ ತಾನೆ, ನಕ್ಕುಬಿಡಿ’ ಎಂಬ ಉಪದೇಶ ನಮಗೆ ಒಪ್ಪಿಗೆಯಿಲ್ಲ.

2005ರ ಸೆಪ್ಟೆಂಬರ್ 30ರಂದು ಡೆನ್ಮಾರ್ಕಿನ ಪತ್ರಿಕೆಯೊಂದು ಪೈಗಂಬರರ ಬಗ್ಗೆ 12 ಚಿತ್ರಗಳನ್ನು ಅಚ್ಚುಹಾಕಿತು. ಒಂದರಲ್ಲಿ ಅವರ ಮುಂಡಾಸೇ ಬಾಂಬು. ವಿಮರ್ಶೆಯ ಕಣ್ಣಿಗೆ ಇದು ಕೀಳು ಚಿತ್ರ. ತಪ್ಪಿತಸ್ಥನನ್ನು ಬಿಟ್ಟು ನಂಬಿದವರೆಲ್ಲರನ್ನೂ ಚುಚ್ಚುತ್ತದೆ. ಆದರೆ ಅಲ್ಲಿನ ಮುಸ್ಲಿಮರು ಮಾಡಿದ್ದೇನು? ಶಾಂತವಾಗಿ ಮೆರವಣಿಗೆ ನಡೆಸಿದರು, ದೂರು ಕೊಟ್ಟರು. ರಾಯಭಾರ ಕಚೇರಿಗಳು ಉರಿದದ್ದು ದೂರದ ಡಮಾಸ್ಕಸ್, ಬೈರೂತಿನಲ್ಲಿ. ಫ್ರಾನ್ಸಿನಲ್ಲಿ ಪ್ಯಾರಿಸ್ಸಿನ ದೊಡ್ಡ ಮಸೀದಿಯವರು ‘ಶಾರ್ಲಿ ಎಬ್ದೊ’ ಮೇಲೆ ದಾವೆ ಹೂಡಿ 2007ರಲ್ಲಿ ಸೋತರು, ಸೋತೂ ಸುಮ್ಮನಾದರು. 2015ರ ಜನವರಿ 7ರಂದು ಆ ಕಚೇರಿಗೆ ನುಗ್ಗಿ ಕೊಂದವರು ಇಬ್ಬರು. ಸತ್ತ 12 ಮಂದಿಯಲ್ಲಿ ಪೊಲೀಸ್ ಅಹ್ಮದ್ ಮೆರಾಬೆಯೂ ಮುಸ್ಲಿಮರೇ. ಲೋಕಕ್ಕೆ ನೆನಪಿರುವುದು ಮಾತ್ರ ಆ ಇಬ್ಬರು.

ಇನ್ನು ನಮ್ಮ ಊರು. ಅದೇ ಜನವರಿಯಲ್ಲಿ ಉರ್ದು ದೈನಿಕ ‘ಅವಧ್‌ನಾಮಾ’ದ ಮುಂಬಯಿ ಸಂಪಾದಕಿ ಶಿರೀನ್ ದಳವಿ ಆ ಪತ್ರಿಕೆಯ ಮುಖಪುಟವೊಂದನ್ನು ಮರುಮುದ್ರಿಸಿದರು. ಮರುದಿನವೇ ಕ್ಷಮೆ ಕೇಳಿದರು. ಆದರೂ ದೂರುಗಳು ನಿಲ್ಲಲಿಲ್ಲ. ಬಂಧನವಾಯಿತು, ಜಾಮೀನಾಯಿತು, ಆವೃತ್ತಿಯೇ ಮುಚ್ಚಿತು. ಅಂದಿನ ದಂಡಸಂಹಿತೆಯ 295ಎ ಕಲಮು ಕೇಳುವುದು ಉದ್ದೇಶಪೂರ್ವಕ ದ್ವೇಷವನ್ನು. ತಾವೂ ಮುಸ್ಲಿಮರಾದ, ಕ್ಷಮೆಯನ್ನೂ ಕೇಳಿದ ಆ ಹೆಣ್ಣುಮಗಳಲ್ಲಿ ಅದೆಲ್ಲಿತ್ತು?

ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಎಂದು ನಾವು ಕಾಲೇಜಿನಲ್ಲಿ ಓದಿದ್ದೇವೆ. ಅದು ಪ್ರಕೃತಿಯ ನಿಯಮ. ಮನುಷ್ಯರಾದ ನಾವು ಅದನ್ನು ಪ್ರಯತ್ನಪಟ್ಟು ಪಾಲಿಸಬೇಕು. ಗೆರೆಗೆ ಗೆರೆ, ಮಾತಿಗೆ ಮಾತು. ಗುಂಡೂ ಅಲ್ಲ, ಸೆರೆಮನೆಯೂ ಅಲ್ಲ.

ಅದೇ ತಿಂಗಳ 26ರಂದು ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣರು ತೀರಿಕೊಂಡರು. ಅವರೂ ಠಾಕರೆಯವರೂ ಒಂದು ಕಾಲಕ್ಕೆ ‘ಫ್ರೀ ಪ್ರೆಸ್ ಜರ್ನಲ್’ನಲ್ಲಿ ಜೊತೆಗೆ ದುಡಿದವರು. ಲಕ್ಷ್ಮಣರ ಕುಂಚ ಮಂತ್ರಿಗಳನ್ನು ಚುಚ್ಚಿತು. ಚೌಕಳಿ ಕೋಟಿನ ಬಡಪಾಯಿಯನ್ನು ಕೈಬಿಡಲಿಲ್ಲ. ಯಾವ ಚಿತ್ರವನ್ನಾದರೂ ಓದುಗರು ಈ ಒರೆಗಲ್ಲಿಗೆ ತಿಕ್ಕಿ ನೋಡಲಿ. ಕೆಟ್ಟದ್ದಾದರೆ ಕೆಟ್ಟದ್ದೆಂದು ಬರೆಯಲಿ. ನೊಂದವರಿಗೆ ಬರೆಯಲು ಜಾಗ ಕೊಡುವುದು ಪತ್ರಿಕೆಗಳ ಹೊಣೆ.