ಬೇಕು, ದುರಾಸೆ, ಬಿಟ್ಟೆ

ಐದು ಜನ ಸೇರಿ ಒಬ್ಬ ರಾಕ್ಷಸನನ್ನು ಕೊಂದಿದ್ದಾರೆ. ಅವನ ಹೆಣದ ಮೇಲೆ ಒಂದು ಕತ್ತಿ ಸಿಕ್ಕಿದೆ. ಕೊಂದವರು ಐವರು, ಕತ್ತಿ ಒಂದೇ. ಅದು ಯಾರಿಗೆ ಸೇರಬೇಕು?

ಸಮುದ್ರಮಥನದ ಕತೆ ಕೇಳಿ ಬೆಳೆದ ನಮಗೆ ಈ ಪ್ರಶ್ನೆ ಹೊಸದೇನಲ್ಲ. ಕಡೆಯುವಾಗ ತಲೆ ನಿಮಗೆ, ಬಾಲ ನಮಗೆ ಎಂದು ಹೇಗೋ ಹೊಂದಿಕೊಂಡವರು ಅಮೃತ ಮೇಲೆ ಬಂದೊಡನೆ ಕಿತ್ತಾಟಕ್ಕೆ ನಿಂತರು. ಆದರೆ ನಾನು ಹೇಳಹೊರಟಿರುವುದು ಪುರಾಣದ ಮಾತಲ್ಲ. ಕಂಪ್ಯೂಟರಿನಲ್ಲಿ ದೇಶವಿದೇಶದ ಜನ ಒಟ್ಟಿಗೆ ಸೇರಿ ಆಡುವ ಆಟಗಳ ಮಾತು. 'ಮಕ್ಕಳಿಗೆ ಪಾಠ ಹೇಳೋ ಟೀಚರಮ್ಮನಿಗೆ ಈ ಉಸಾಬರಿ ಯಾಕೆ?' ಎಂದು ಮೂಗು ಮುರಿಯಬೇಡಿ. 2020ರ ಲಾಕ್‌ಡೌನಿನಲ್ಲಿ ಆಫೀಸಿನ ಕೆಲಸವನ್ನು ಮನೆಗೇ ಹೊತ್ತು ತಂದ ನನ್ನ ಮಗಳು ರಾತ್ರಿ ಊಟವಾದ ಮೇಲೆ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆಟಕ್ಕೆ ಕೂರುತ್ತಿದ್ದಳು. ನಾನು ಪಕ್ಕದಲ್ಲಿ ಕಾಳು ಬಿಡಿಸುತ್ತಲೋ ಉತ್ತರಪತ್ರಿಕೆ ತಿದ್ದುತ್ತಲೋ ಇರುತ್ತಿದ್ದೆ. ಮೊದಮೊದಲು ಬೈಯುವುದಕ್ಕೆಂದೇ ಕೂತವಳು, ಆಮೇಲೆ ಕಾದಂಬರಿ ಓದುವವಳ ಹಾಗೆ ನೋಡತೊಡಗಿದೆ. ಕಾದಂಬರಿಯನ್ನು ಹೇಗೆ ಒಬ್ಬರು ಕೂತು ಯೋಚಿಸಿ ಬರೆಯುತ್ತಾರೋ ಆಟವನ್ನೂ ಹಾಗೇ ಯಾರೋ ಯೋಚಿಸಿ ಕಟ್ಟಿರುತ್ತಾರೆ. ಅಂದಮೇಲೆ ಇದು ಚೆನ್ನಾಗಿದೆ, ಇದು ಚೆನ್ನಾಗಿಲ್ಲ ಎನ್ನುವ ಹಕ್ಕು ನೋಡುವವರಿಗೂ ಉಂಟಷ್ಟೆ.

ಹೀಗೆ ಬಿದ್ದ ವಸ್ತುವನ್ನು ಆಡುವವರು 'ಲೂಟ್' ಎನ್ನುತ್ತಾರೆ. ಹಿಂದಿಯಿಂದ ಇಂಗ್ಲಿಷಿಗೆ ಹೋದ ಮಾತು ಅದು, ನಮ್ಮ ಲೂಟಿಗೆ ಹತ್ತಿರದ ನೆಂಟ. ಮಗಳು ಆಗ ಆಡುತ್ತಿದ್ದದ್ದು ಆಟದ ಹಳೆಯ ರೂಪ. 2004ರಲ್ಲಿ ಮೊದಲು ಬಂದದ್ದನ್ನೇ ಕಂಪನಿಯವರು 2019ರಲ್ಲಿ 'ಕ್ಲಾಸಿಕ್' ಎಂದು ಮತ್ತೆ ತೆರೆದಿದ್ದರು. ಅದರಲ್ಲಿ ಒಳ್ಳೆಯ ವಸ್ತು ಬಿದ್ದಾಗ ಐವರ ಮುಂದೆಯೂ ಮೂರು ಗುಂಡಿಗಳು ಮೂಡುತ್ತವೆ. ಒಂದು 'ನೀಡ್', ಅಂದರೆ ನನಗೆ ಇದು ಬೇಕು, ನಾನೇ ತೊಡುತ್ತೇನೆ. ಇನ್ನೊಂದು 'ಗ್ರೀಡ್', ನೇರವಾಗಿ ದುರಾಸೆ ಎಂದೇ ಅರ್ಥ. ತೊಡುವುದಿಲ್ಲ, ಸಿಕ್ಕರೆ ಮಾರಿಕೊಳ್ಳುತ್ತೇನೆ ಎಂದು. ಮೂರನೆಯದು 'ಪಾಸ್', ನನಗೆ ಬೇಡ, ಬಿಟ್ಟೆ. ಬೇಕು ಎಂದವರು ಇಬ್ಬರು ಮೂವರಿದ್ದರೆ ಯಂತ್ರ ಒಬ್ಬೊಬ್ಬರಿಗೂ ಒಂದರಿಂದ ನೂರರೊಳಗೆ ಒಂದು ಸಂಖ್ಯೆ ಎತ್ತುತ್ತದೆ. ದೊಡ್ಡ ಸಂಖ್ಯೆ ಬಂದವರಿಗೆ ವಸ್ತು. ಬೇಕು ಎಂದವರು ಒಬ್ಬರಿದ್ದರೂ ದುರಾಸೆಯವರ ಚೀಟಿ ಎತ್ತುವುದೇ ಇಲ್ಲ.

ನನಗೆ ಬೆರಗೆನಿಸಿದ್ದು ಆ ಎರಡನೆಯ ಗುಂಡಿಯ ಹೆಸರು. ತಾನು ದುರಾಸೆಯವನೆಂದು ನಾಲ್ಕು ಜನರೆದುರು ಒಪ್ಪಿ ಒತ್ತುವ ಗುಂಡಿಯನ್ನು ಬೇರೆ ಎಲ್ಲಿ ನೋಡಿದ್ದೀರಿ? ಅದಕ್ಕಿಂತ ಹೆಚ್ಚಿನ ಜಾಣತನವೆಂದರೆ, 'ಬೇಕು' ಎಂದವನಿಗೆ ನಿಜವಾಗಿ ಬೇಕೇ ಎಂದು ಹಳೆಯ ಆಟ ಸಾಮಾನ್ಯವಾಗಿ ವಿಚಾರಿಸುತ್ತಿರಲಿಲ್ಲ. ಭಾರದ ಕಬ್ಬಿಣದ ಕವಚ ಬಿದ್ದಾಗ ತೆಳು ನಿಲುವಂಗಿಯ ಮಾಂತ್ರಿಕನೂ ಬೇಕು ಎಂದು ಒತ್ತಬಹುದಾಗಿತ್ತು. ತಡೆಯಲು ಇದ್ದದ್ದು ನಾಚಿಕೆ ಒಂದೇ. ನಾಚಿಕೆ ಬಿಟ್ಟವನಿಗೆ 'ನಿಂಜಾ' ಎಂಬ ಹೆಸರು ಬೀಳುತ್ತಿತ್ತು. ಒಂದು ಸರ್ವರಿನವರು ಆ ಸರ್ವರಿನವರೊಡನೆಯೇ ಆಡಬೇಕಾಗಿದ್ದ ಕಾಲ ಅದು, ಒಂದು ಸಣ್ಣ ಊರಿದ್ದ ಹಾಗೆ. ನಿಂಜಾ ಎನಿಸಿಕೊಂಡವನನ್ನು ಮರುದಿನ ತಂಡಕ್ಕೆ ಕರೆಯುವವರು ಇರುತ್ತಿರಲಿಲ್ಲ.

ಬೇಕು ಎಂಬ ಮಾತಿಗೆ ಅರ್ಥ ಹುಡುಕುವುದೂ ಸುಲಭವಲ್ಲ ನೋಡಿ. ಗಾಯ ವಾಸಿ ಮಾಡುವ ಕೆಲಸಕ್ಕೆಂದು ತಂಡಕ್ಕೆ ಬಂದವಳು, ನಾಳೆ ತಾನೂ ಯುದ್ಧಕ್ಕೆ ನಿಲ್ಲಬಹುದೆಂದು ಇವತ್ತೇ ಕವಚ ಕೇಳಬಹುದೆ? ಇವತ್ತು ಮಾಡುತ್ತಿರುವ ಕೆಲಸದವರಿಗೆ ಮೊದಲು, ನಾಳೆಯ ಕೆಲಸದವರಿಗೆ ಆಮೇಲೆ ಎಂಬುದು ರೂಢಿಯಾಯಿತು. ಬಿಲ್ಲುಗಾರರಂತೂ ಬಹುಮಟ್ಟಿಗೆ ಎಲ್ಲ ಆಯುಧವನ್ನೂ ಹಿಡಿಯಬಲ್ಲರಾದ್ದರಿಂದ ಬಿದ್ದದ್ದೆಲ್ಲ ಬಿಲ್ಲುಗಾರರಿಗೇ ಎಂಬ ಹಾಸ್ಯ ಈಗಲೂ ಇದೆ. ಯಾರು ಬೇಕಾದರೂ ಸಂತೆಯಲ್ಲಿ ಮಾರಬಹುದಾದ ಬೆಲೆಬಾಳುವ ವಸ್ತು ಬಿದ್ದರೆ? ಕೆಲವು ತಂಡಗಳಲ್ಲಿ ಎಲ್ಲರೂ ದುರಾಸೆ ಒತ್ತಬೇಕು, ಇನ್ನು ಕೆಲವದರಲ್ಲಿ ಎಲ್ಲರೂ ಬೇಕು ಒತ್ತಬೇಕು. ಎರಡೂ ನ್ಯಾಯವೇ. ಇಬ್ಬರು ಆ ಪದ್ಧತಿಯವರು, ಮೂವರು ಈ ಪದ್ಧತಿಯವರು ಒಂದೇ ತಂಡಕ್ಕೆ ಬಂದಾಗ ಮಾತ್ರ ರಾಮಾಯಣ.

ಇದಕ್ಕಿಂತ ಹಿಂದಿನ ಆಟಗಳನ್ನೂ ಸ್ವಲ್ಪ ನೋಡಬೇಕು. 2000ದಲ್ಲಿ ಬಂದ 'ಡಯಾಬ್ಲೊ 2'ರಲ್ಲಿ ವಸ್ತು ನೆಲಕ್ಕೆ ಬೀಳುತ್ತಿತ್ತು, ಯಾರ ಕೈ ಮುಂದೋ ಅವರಿಗೆ. ಮದುವೆಮನೆಯಲ್ಲಿ ಬಸ್ಸಿಗೆ ಸೀಟು ಹಿಡಿದ ಹಾಗೆ. ಅದರಲ್ಲಿ ವಿಮರ್ಶಿಸುವುದಕ್ಕೆ ಹೆಚ್ಚೇನಿಲ್ಲ. 1999ರ 'ಎವರ್‌ಕ್ವೆಸ್ಟ್' ಬೇರೆಯೇ ಮಾತು. ಅಲ್ಲಿ ಎರಡು ಮಹಾ ಡ್ರ್ಯಾಗನ್‌ಗಳಿದ್ದವು. ಕೊಲ್ಲಲು ದೊಡ್ಡ ದಂಡೇ ಬೇಕು, ಬೀಳುವ ವಸ್ತು ಮಾತ್ರ ಕೈಬೆರಳೆಣಿಕೆ. 'ಆಫ್ಟರ್‌ಲೈಫ್' ಎಂಬ ತಂಡದವರು ಅದಕ್ಕೊಂದು ಉಪಾಯ ಹುಡುಕಿದರು. ಬಂದು ಹೋರಾಡಿದವರಿಗೆಲ್ಲ ಅಂಕ. ಅಂಕ ಕೂಡಿಟ್ಟು, ಬೇಕಾದ ವಸ್ತು ಬಿದ್ದಾಗ ಖರ್ಚು ಮಾಡುವುದು. 'ಡ್ರ್ಯಾಗನ್ ಕಿಲ್ ಪಾಯಿಂಟ್ಸ್' ಎಂಬ ಹೆಸರಿನಲ್ಲಿ ಅದು ಮುಂದಿನ ಆಟಗಳಿಗೂ ಹಬ್ಬಿತು. ಹಾಜರಿ ಪುಸ್ತಕ ಇಟ್ಟವಳಾದ ನನಗೆ ಕೇಳಿದೊಡನೆ ಮೆಚ್ಚಿಗೆಯಾಯಿತು. ಆಟ ಕಟ್ಟಿದವರು ಕೊಡದೇ ಹೋದ ನ್ಯಾಯವನ್ನು ಆಡುವವರು ತಾವೇ ಲೆಕ್ಕದ ಹಾಳೆಯಲ್ಲಿ ಬರೆದುಕೊಂಡರಲ್ಲ! ಆದರೆ ಹಾಜರಿ ಪುಸ್ತಕದ ದೋಷವೂ ಅದಕ್ಕೆ ಅಂಟಿಕೊಂಡಿತು. ವರ್ಷಗಟ್ಟಲೆ ಅಂಕ ಕೂಡಿಟ್ಟ ಹಳಬರ ಮುಂದೆ ನಿನ್ನೆ ಬಂದವಳು ಕಾಯುತ್ತಲೇ ಇರಬೇಕು. ಮಗು ಮಲಗಿದ ಮೇಲೆ ವಾರಕ್ಕೊಂದು ದಿನ ಆಡಲು ಬರುವ ತಾಯಿಗಂತೂ ಆ ಲೆಕ್ಕದಲ್ಲಿ ಜಾಗವೇ ಕಡಿಮೆ.

ಈಗ ಆ ಕೋಲಿನ ಸಂಗತಿಗೆ ಬರುತ್ತೇನೆ. ಇಷ್ಟೆಲ್ಲ ಬರೆಯುವಂತೆ ಮಾಡಿದ್ದೇ ಅದು.

ಮಗಳು ಆಟದಲ್ಲಿ ಗಾಯ ವಾಸಿ ಮಾಡುವವಳು. ಬಹಳ ದಿನದಿಂದ ಒಂದು ಕೋಲಿಗಾಗಿ ಕಾದಿದ್ದಳು. ಅಂದು ಅದು ಬಿತ್ತು. ತಂಡದಲ್ಲಿ ಬೆಂಕಿ ಎಸೆಯುವ ಮಾಂತ್ರಿಕನೊಬ್ಬನಿಗೂ ಅದು ಸಲ್ಲುವಂಥದ್ದು. ಅಲ್ಲಿಯವರೆಗೆ ಬರೀ ಟೈಪು ಮಾಡುತ್ತಿದ್ದವಳು ಆ ಹೊತ್ತಿನ ಖುಷಿಯಲ್ಲಿ ಮೈಕಿನಲ್ಲಿ ಏನೋ ಅಂದುಬಿಟ್ಟಳು. ಹುಡುಗಿಯ ದನಿ! ಮೂವರು ಬಿಟ್ಟೆ ಎಂದರು, ಅವರಿಗೆ ಹೇಗೂ ಬೇಡದ ವಸ್ತು. ಮಾಂತ್ರಿಕನೂ ಬಿಟ್ಟೆ ಎಂದು ಒತ್ತಿ, 'ಲೇಡೀಸ್ ಫಸ್ಟ್' ಎಂದು ಬರೆದ. ಕೆಳಗೊಂದು ನಗುವ ಮುಖ.

ನನ್ನ ಮಗಳು ಒಂದು ಕ್ಷಣ ನೋಡಿದಳು. ಆಮೇಲೆ ತಾನೂ ಬಿಟ್ಟೆ ಎಂದು ಒತ್ತಿದಳು.

ಎಲ್ಲರೂ ಬಿಟ್ಟರೆ ಆ ವಸ್ತು ಹೆಣದ ಮೇಲೆಯೇ ಉಳಿಯುತ್ತದೆ, ತಂಡದ ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಐದು ಜನ ಸುತ್ತ ನಿಂತೇ ಇದ್ದರು. ಕೊನೆಗೆ ಮಾಂತ್ರಿಕನೇ ಎತ್ತಿಕೊಂಡ.

"ಅಯ್ಯೋ, ಎಷ್ಟು ದಿನದಿಂದ ಕಾದಿದ್ಯಲ್ಲೇ!" ಎಂದೆ.

"ಅಮ್ಮ, ನನಗೆ ತೊಂಬತ್ತು ಬಿದ್ದು ಅವನಿಗೆ ಎಂಬತ್ತು ಬಿದ್ದಿದ್ರೆ ಅದು ನಂದು. ಹೀಗೆ ಬಂದಿದ್ದು ನಂದಾಗಲ್ಲ. ಹೋದ್ಸಲ ಒಬ್ಬ ಹೀಗೇ ಕೊಟ್ಟು, ವಾರವೆಲ್ಲ ಫೋನ್ ನಂಬರ್ ಕೇಳಿದ."

ಅಲ್ಲಿಯವರೆಗೆ ಆ ಮೂರು ಗುಂಡಿಗಳಲ್ಲಿ ಮೂರನೆಯದೇ ದೊಡ್ಡದು ಎಂದುಕೊಂಡಿದ್ದೆ. ಬಿಟ್ಟುಕೊಡುವುದು ಹೆಚ್ಚುಗಾರಿಕೆ ಎಂದು ನಮಗೆ ಹೇಳಿಕೊಟ್ಟವರು ಒಬ್ಬರೇ ಇಬ್ಬರೇ! ಅಂದು ಎರಡು ಕೈಗಳು ಅದೇ ಗುಂಡಿ ಒತ್ತಿದವು. ಒಂದು ಬಿಟ್ಟದ್ದು ಸಾಲ ಹೊರಿಸುವುದಕ್ಕೆ, ಇನ್ನೊಂದು ಬಿಟ್ಟದ್ದು ಸಾಲಕ್ಕೆ ಸಿಕ್ಕದೆ ಉಳಿಯುವುದಕ್ಕೆ. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟು ಆಮೇಲೆ ಇಳಿಯುವತನಕ ಮಾತಿಗೆಳೆಯುವವರನ್ನು ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಹುಡುಗನ ಮನಸ್ಸಿನಲ್ಲಿ ಅಂಥದ್ದೇನೂ ಇರಲಿಲ್ಲವೋ ಏನೋ. ಇದ್ದಿತೋ ಇಲ್ಲವೋ ಎಂದು ತೂಗಿ ನೋಡುವ ಕೆಲಸ ಮಾತ್ರ ಇವಳ ಪಾಲಿಗೆ ಬಂತು. ಮಾಂತ್ರಿಕ ಹುಡುಗಿಯಾಗಿದ್ದು ಇವಳು ಹುಡುಗನಾಗಿದ್ದರೆ ಇಬ್ಬರೂ ಸಂಖ್ಯೆ ಎತ್ತಿಸಿ, ಗೆದ್ದವರಿಗೆ ಶುಭ ಹೇಳಿ ಮುಂದೆ ಹೋಗುತ್ತಿದ್ದರೇ?

ಹೊಸ ಆಟಗಳವರು ಈ ತಂಟೆಯೇ ಬೇಡವೆಂದು ಹಂಚುವ ಕೆಲಸವನ್ನು ಜನರ ಕೈಯಿಂದ ಕಿತ್ತುಕೊಂಡರು. ಅದಕ್ಕೂ ಒಂದು ಕಾರಣವುಂಟು. 2009ರ ಕೊನೆಗೆ ವಾರ್‌ಕ್ರಾಫ್ಟಿನಲ್ಲಿ ಬೇರೆ ಬೇರೆ ಸರ್ವರಿನ ಅಪರಿಚಿತರನ್ನು ಯಂತ್ರವೇ ಒಂದು ತಂಡ ಮಾಡಿ ಕಳಿಸುವ ಏರ್ಪಾಡು ಬಂತು. ಮತ್ತೆ ಮುಖ ನೋಡುವ ಪ್ರಮೇಯವಿಲ್ಲದವರ ನಡುವೆ ನಾಚಿಕೆ ಎಷ್ಟು ದಿನ ಕಾವಲು ಕಾದೀತು? ತನಗೆ ಸಲ್ಲದ ವಸ್ತುವಿಗೆ ಬೇಕು ಎಂದು ಒತ್ತದಂತೆ ಯಂತ್ರವೇ ತಡೆಯತೊಡಗಿತು. 2012ರಲ್ಲಿ 'ಡಯಾಬ್ಲೊ 3', 'ಗಿಲ್ಡ್ ವಾರ್ಸ್ 2' ಎರಡೂ ಅವರವರ ಪಾಲನ್ನು ಅವರವರಿಗೇ ಕಾಣುವಂತೆ ಬೀಳಿಸಿದವು. 2018ರ ಹೊತ್ತಿಗೆ ವಾರ್‌ಕ್ರಾಫ್ಟಿನ ಹೊಸ ರೂಪದಲ್ಲೂ ಅದೇ ಕಾನೂನಾಯಿತು. ಜಗಳ ನಿಂತಿತು, ನಿಜ. ಹೆಣ್ಣುದನಿ ಕೇಳಿ ದಾನಕ್ಕೆ ಇಳಿಯುವವರೂ ಕಡಿಮೆಯಾದರು ಎನ್ನುತ್ತಾಳೆ ಮಗಳು. ಅಷ್ಟರಮಟ್ಟಿಗೆ ಅದನ್ನು ಹೀಗಳೆಯಲಾರೆ.

ಆದರೂ ಆ ಹೊಸ ರೂಪವನ್ನು ನೋಡುವಾಗ ನನಗೆ ಬೇಸರ ಬಂತು. ಎಲ್ಲರೂ ತಂತಮ್ಮ ಗಂಟು ಕಟ್ಟಿಕೊಂಡು ಮಾತಿಲ್ಲದೆ ಹೊರಡುತ್ತಾರೆ. ಹಂಚಿಕೆ ಇಲ್ಲದ ಮೇಲೆ ಹಂಚಿಕೆಯ ನಡತೆಯೂ ಇಲ್ಲವಾಯಿತೆಂದುಕೊಂಡರೆ, ಅದು ಹಿತ್ತಿಲ ಬಾಗಿಲಿನಿಂದ ಬಂದಿತು. ನಿಮಗೆ ಬಿದ್ದದ್ದರಷ್ಟೇ ಒಳ್ಳೆಯದು ನಿಮ್ಮಲ್ಲಿ ಮೊದಲೇ ಇದ್ದರೆ, ಬಿದ್ದದ್ದನ್ನು ತಂಡದ ಇನ್ನೊಬ್ಬರಿಗೆ ಕೊಡಬಹುದಿತ್ತು. ಸರಿ, ರಾಕ್ಷಸ ಸತ್ತ ಮರುಗಳಿಗೆಯೇ ಗುಟ್ಟಿನಲ್ಲಿ ಸಂದೇಶಗಳು: ಅದು ನಿಮಗೆ ಬೇಕಾ? ಬೇಡವಾದರೆ ನನಗೆ ಕೊಡ್ತೀರಾ? ಮೊದಲು ಯಂತ್ರ ಎಲ್ಲರೆದುರು ಕೇಳುತ್ತಿದ್ದ ಪ್ರಶ್ನೆಯನ್ನು ಈಗ ಮನುಷ್ಯರು ಕಿವಿಯಲ್ಲಿ ಕೇಳತೊಡಗಿದರು. ಬೇಡುವವನಿಗೂ ಮುಜುಗರ, ಕೊಡದವಳಿಗೂ ಮುಜುಗರ. ಮೂರು ಗುಂಡಿಗಳಿದ್ದಾಗ ಬೇಕು ಎನ್ನುವುದಕ್ಕೆ ದೀನತೆ ಇರಲಿಲ್ಲ, ಬಿಡದಿರುವುದಕ್ಕೆ ಸಬೂಬೂ ಬೇಕಿರಲಿಲ್ಲ. ಹಳೆಯದೇ ಮೇಲಾದ ಬರವಣಿಗೆ ಎಂದು ನಾನು ಹೇಳುವುದು ಇದಕ್ಕೇ.

ಹಳೆಯದನ್ನು ಕ್ಲಾಸಿಕ್ಕಿನವರೂ ಹಾಗೆಯೇ ಉಳಿಸಿಕೊಳ್ಳಲಿಲ್ಲವೆನ್ನಿ. ಬಿದ್ದ ವಸ್ತುವನ್ನು ಆಟದ ಚಿನ್ನಕ್ಕೆ ಹರಾಜು ಕೂಗಿ, ಬಂದ ಹಣವನ್ನು ಎಲ್ಲರೂ ಹಂಚಿಕೊಳ್ಳುವ ಪದ್ಧತಿ ಬೆಳೆಯಿತು. ನ್ಯಾಯವಾಗಿಯೇ ಕಾಣುತ್ತದೆ. ಆದರೆ ಆಟದ ಚಿನ್ನವನ್ನು ನಿಜವಾದ ದುಡ್ಡು ಕೊಟ್ಟು ಕದ್ದು ಕೊಳ್ಳುವವರಿದ್ದಾರಲ್ಲ! 2024ರಲ್ಲಿ ಕಂಪನಿ 'ಸೀಸನ್ ಆಫ್ ಡಿಸ್ಕವರಿ' ಎಂಬ ರೂಪದಲ್ಲಿ ಅಂಥ ಹರಾಜನ್ನು ನಿಷೇಧಿಸಿತು.

ಹೊಸ ವಾರ್‌ಕ್ರಾಫ್ಟಿನ ದೊಡ್ಡ ದಂಡುಗಳಿಗೆ ಬೇಕು, ದುರಾಸೆ ಗುಂಡಿಗಳು 2022ರ ಕೊನೆಗೆ ತಿರುಗಿ ಬಂದವು. ಮಗಳು ಈಗ ಬೇರೆ ಊರಿನಲ್ಲಿದ್ದಾಳೆ, ಶನಿವಾರ ರಾತ್ರಿ ಫೋನು ತಡವಾಗಿ ಬರುತ್ತದೆ. "ಇನ್ನೂ ಹಂಚ್ತಾ ಇದ್ರು ಅಮ್ಮ," ಎನ್ನುತ್ತಾಳೆ. ಹೋದ ತಿಂಗಳು ಅವಳಿಗೆ ಒಂದು ಉಂಗುರ ಬಂತು. ಎಷ್ಟು ಬಿತ್ತು ಎಂದು ಕೇಳಿದೆ. ತೊಂಬತ್ತೇಳು.