ಮೂರ್ಛೆ ಹೋದವರ ಬಾಯಿಗೆ ನೀರು

ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಯ ನೂಕುನುಗ್ಗಲಿನಲ್ಲಿ ಹಿರಿಯರೊಬ್ಬರು ಕುಸಿದುಬಿದ್ದಾಗ, ಒಬ್ಬರು ಚೊಂಬು ತಂದುದನ್ನೂ, ಮತ್ತೊಬ್ಬರು ಅವರ ಅಂಗೈಯಲ್ಲಿ ಬೀಗದಕೈ ಗೊಂಚಲನ್ನು ಒತ್ತಿದುದನ್ನೂ, ‘ಗಾಳಿ ಬಿಡ್ರೀ’ ಎಂದು ಕೂಗಿದವರೇ ಗಾಳಿಗೆ ಅಡ್ಡವಾಗಿ ನಿಂತುದನ್ನೂ ಕಂಡವನು ನಾನು. ನಮ್ಮ ಹಳೆಯ ಪೇಟೆಗಳ ಈ ಉಪಚಾರಪದ್ಧತಿಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಬಿದ್ದವರನ್ನು ಅಂಗಾತ ಮಲಗಿಸಿ, ಕೊರಳ ಗುಂಡಿ ಸಡಿಲಿಸಿ, ಅಪರಿಚಿತರ ತಲೆಯನ್ನು ಮಡಿಲಿಗೆ ತೆಗೆದುಕೊಳ್ಳುವ ಆ ತ್ವರೆಯನ್ನು ಯಾವ ಶಾಸ್ತ್ರವೂ ಕಲಿಸಲಾರದು.

ದೋಷವಿರುವುದು ಚೊಂಬಿನಲ್ಲಿ. ಎಚ್ಚರ ತಪ್ಪಿದವರು ನುಂಗಲಾರರು. ಬಾಯಿಗೆ ಹೊಯ್ದ ನೀರು ಶ್ವಾಸನಾಳದ ದಾರಿ ಹಿಡಿಯುತ್ತದೆ. ಬೀಗದಕೈಯ ಮಹಿಮೆಯಾದರೋ, ಸಾಮಾನ್ಯವಾಗಿ ಒಂದೆರಡು ನಿಮಿಷಗಳಲ್ಲಿ ತಾನೇ ನಿಲ್ಲುವ ಫಿಟ್ಸಿನಿಂದ ಬಂದದ್ದು: ನಿಂತ ಮಳೆಗೆ ಕೊಡೆಯನ್ನು ಕೊಂಡಾಡಿದಂತೆ.

ಇದಕ್ಕಿಂತ ದೊಡ್ಡ ಲೋಪವೊಂದುಂಟು. ಪ್ರಾಣ ಹೋಯಿತೋ ಇಲ್ಲವೋ ಎಂದರಿಯಲು ಮೂಗಿನ ಬಳಿ ಹತ್ತಿಯ ಎಳೆ ಹಿಡಿಯುವುದನ್ನು ಬಲ್ಲ ನಮ್ಮ ಜನ, ಆ ಪರೀಕ್ಷೆಯನ್ನು ಅಂತ್ಯಕಾಲಕ್ಕೆಂದು ಮೀಸಲಿಟ್ಟರು; ಪ್ರಥಮ ಚಿಕಿತ್ಸೆಯಾದರೋ ಅಲ್ಲಿಂದಲೇ ಪ್ರಾರಂಭವಾಗಬೇಕು. ಭುಜ ತಟ್ಟಿ ಕೂಗಿದರೂ ಓಗೊಡದವರ ಎದೆಯನ್ನು ಹತ್ತು ಸೆಕೆಂಡು ಮೀರದಂತೆ ನೋಡಬೇಕು. ಉಸಿರು ಸರಾಗವಾಗಿದ್ದರೆ ಪಕ್ಕಕ್ಕೆ ಹೊರಳಿಸಬೇಕು. ಉಸಿರಿಲ್ಲದಿದ್ದರೆ, ಅಥವಾ ಬಿಟ್ಟು ಬಿಟ್ಟು ಗೊರಕೆಯಂತೆ ಬರುತ್ತಿದ್ದರೆ, ಒಬ್ಬರು 108ಕ್ಕೆ ಫೋನು ಮಾಡುತ್ತಿರುವಾಗಲೇ ಇನ್ನೊಬ್ಬರು ಎದೆಯ ನಡುವೆ ಅಂಗೈಯೂರಿ, ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರಿಗೆ ಕಡಿಮೆಯಾಗದಂತೆ ಒತ್ತತೊಡಗಬೇಕು. ಎದೆಯನ್ನು ಸೀಳದೆ ಬರಿಗೈಯಿಂದಲೇ ನಿಂತ ಹೃದಯದ ಕೆಲಸವನ್ನು ನಡೆಸಬಹುದೆಂದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 1960ರಲ್ಲಿಯೇ ಪ್ರಕಟಿಸಿದರು. 108ರ ವಾಹನ ನಮ್ಮ ರಾಜ್ಯಕ್ಕೆ ಬಂದದ್ದು 2008ರಲ್ಲಿ. ಗಾಂಧಿಬಜಾರಿನ ಸಂಜೆಯ ಸಂದಣಿಯನ್ನು ಬಲ್ಲವರಿಗೆ, ಆ ವಾಹನ ಬರುವವರೆಗಿನ ನಿಮಿಷಗಳು ಯಾರ ಕೈಯಲ್ಲಿವೆಯೆಂದು ಬೇರೆ ಹೇಳಬೇಕಾಗಿಲ್ಲ.

ಪರಿಷೆಯ ಆ ದಿನ ಚೊಂಬು ತುಟಿಯ ಬಳಿ ಬಂದಾಗ, ಕಡಲೆಕಾಯಿ ಅಳೆಯುತ್ತಿದ್ದ ಹೆಂಗಸೊಬ್ಬಳು ಸೇರನ್ನು ಕೆಳಗಿಟ್ಟು ಬಂದು ಅದನ್ನು ಅತ್ತ ಸರಿಸಿದಳು: ‘ನುಂಗೋಕಾಗಲ್ಲ ಕಣಪ್ಪಾ, ಮೊದ್ಲು ಎಚ್ಚರ ಆಗ್ಲಿ.’ ಅವರ ಮೂಗಿನ ಕೆಳಗೆ ಬೆರಳಿನ ಹಿಂಬದಿಯನ್ನು ಹಿಡಿದು ನೋಡಿ, ಮೈಯನ್ನು ಮಗ್ಗುಲಿಗೆ ಹೊರಳಿಸಿ, ಸೆರಗಿನಿಂದ ಬಾಯಿ ಒರೆಸಿದಳು. ಸ್ವಲ್ಪ ಹೊತ್ತಿನಲ್ಲಿ ಕಣ್ಣು ತೆರೆದ ಹಿರಿಯರು ಮೊದಲು ವಿಚಾರಿಸಿದ್ದು ತಮ್ಮ ಚಪ್ಪಲಿಯನ್ನು.