ನಾಲ್ಕು ರಾತ್ರಿಯ ಲೆಕ್ಕ

ಸ್ಕಿನ್ ಸೈಕ್ಲಿಂಗ್ ಅನ್ನೋ ಹೆಸರು ನೀವು ಕೇಳೇ ಇರ್ತೀರಿ. ನ್ಯೂಯಾರ್ಕಿನ ಚರ್ಮವೈದ್ಯೆ ವಿಟ್ನಿ ಬೋ ಅವರಿಂದ ಶುರುವಾದ ಈ ರೂಟೀನು 2022ರಲ್ಲಿ ಟಿಕ್‌ಟಾಕ್‌ನಲ್ಲಿ ಹಬ್ಬಿತು. ಟಿಕ್‌ಟಾಕ್ ನಿಷೇಧವಾಗಿದ್ದ ನಮ್ಮಲ್ಲಿಗೆ ಇನ್‌ಸ್ಟಾಗ್ರಾಮ್ ರೀಲುಗಳ ದಾರಿಯಲ್ಲಿ ಬಂತು. ಸೂತ್ರ ಸರಳ. ಮೊದಲ ರಾತ್ರಿ ಆಸಿಡ್ ಹಚ್ಚಿ ಸತ್ತ ಚರ್ಮ ತೆಗೆಯೋದು, ಎರಡನೇ ರಾತ್ರಿ ರೆಟಿನಾಯ್ಡ್, ಮೂರನೇ ಮತ್ತು ನಾಲ್ಕನೇ ರಾತ್ರಿ ಬರೀ ಮಾಯಿಶ್ಚರೈಸರ್. ಐದನೇ ರಾತ್ರಿ ಮತ್ತೆ ಮೊದಲಿಂದ.

ಇದರಲ್ಲಿ ನಿಜಕ್ಕೂ ಒಳ್ಳೆಯದು ಕೊನೆಯ ಎರಡು ರಾತ್ರಿ. ಸೀರಮ್ ಮೇಲೆ ಸೀರಮ್ ಸುರಿದುಕೊಂಡು ಹತ್ತು ಹಂತದ ರೂಟೀನು ಅಂತ ಮೆರೀತಿದ್ದ ಕಾಲದಲ್ಲಿ, ಎರಡು ರಾತ್ರಿ ಮುಖವನ್ನು ಅದರ ಪಾಡಿಗೆ ಬಿಡಿ ಅಂತ ಒಬ್ಬ ವೈದ್ಯೆ ಹೇಳಿದ್ದು ಸಣ್ಣ ಮಾತಲ್ಲ.

ನನ್ನ ತಕರಾರು ಇರೋದು ಅದರ ಹೆಸರಿನ ಸುತ್ತ ಬೆಳೆದ ಮಾತಿನ ಬಗ್ಗೆ. ಚರ್ಮ ತಾನಾಗಿ ಹೊಸದಾಗುವ ಚಕ್ರಕ್ಕೆ ಹೊಂದಿಸಿದ ರೂಟೀನು ಇದು ಅಂತ ಈಗ ಮಾರಾಟ ನಡೀತಿದೆ. ಆದರೆ ಲೆಕ್ಕ ಕೂಡುವುದಿಲ್ಲ.

ಹೊರಚರ್ಮದ ತಳದಲ್ಲಿ ಹೊಸ ಕೋಶಗಳು ಹುಟ್ಟುತ್ತವೆ. ಮೇಲೇರುತ್ತಾ ಚಪ್ಪಟೆಯಾಗಿ, ಸತ್ತು, ಮೇಲ್ಪದರದಲ್ಲಿ ಇಟ್ಟಿಗೆಯ ಹಾಗೆ ಜೋಡಣೆಯಾಗುತ್ತವೆ. ನಡುವಿನ ಗಾರೆ ಅಂದರೆ ಸೆರಮೈಡ್ ಮುಂತಾದ ಜಿಡ್ಡಿನ ಅಂಶ. ನಾವು ಡೆಡ್ ಸ್ಕಿನ್ ಅಂತ ಹೀಯಾಳಿಸಿ ಉಜ್ಜಿ ತೆಗೆಯೋದು ಈ ಗೋಡೆಯನ್ನೇ. ಮೈಯೊಳಗಿನ ನೀರು ಆರಿಹೋಗದಂತೆ ಕಾಯೋದೂ ಇದೇ. ಕೆಲಸ ಮುಗಿದ ಕೋಶಗಳ ಬೆಸುಗೆಯನ್ನು ಚರ್ಮದ್ದೇ ಕಿಣ್ವಗಳು ಬಿಡಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಹೊಟ್ಟಾಗಿ ಉದುರಿಸುತ್ತವೆ. ಆ ಕಿಣ್ವಗಳಿಗೆ ನೀರಿನಂಶ ಬೇಕು. ಹಾಗಾಗಿ ಏನೂ ಮಾಡದ ಹಾಗೆ ಕಾಣುವ ಮಾಯಿಶ್ಚರೈಸರ್ ಕೂಡ ಚರ್ಮ ಹೊಸದಾಗೋಕೆ ಸಹಾಯ ಮಾಡ್ತಾನೇ ಇರುತ್ತೆ.

ಇದಕ್ಕೆಲ್ಲ ಎಷ್ಟು ದಿನ? ಅಮೆರಿಕದ ಗ್ರೋವ್ ಮತ್ತು ಕ್ಲಿಗ್‌ಮನ್ 1983ರಲ್ಲಿ ಅಳೆದು ನೋಡಿದರು. ಮೇಲ್ಪದರ ಒಂದೇ ಪೂರ್ತಿ ಬದಲಾಗಲು ಯುವ ವಯಸ್ಸಿನವರಲ್ಲಿ ಸುಮಾರು 20 ದಿನ, ವಯಸ್ಸಾದವರಲ್ಲಿ ಇನ್ನೂ 10 ದಿನಕ್ಕಿಂತ ಹೆಚ್ಚು. ತಳದಿಂದ ಮೇಲಕ್ಕೆ ಬರುವ ಸಮಯ ಬೇರೆ. ಅಂದರೆ ನಿಮ್ಮ ಮೇಲ್ಪದರ ಒಂದು ಸಲ ಬದಲಾಗೋದರೊಳಗೆ ಐದು ಸಲ ಆಸಿಡ್, ಐದು ಸಲ ರೆಟಿನಾಯ್ಡ್ ಬಿದ್ದಿರುತ್ತೆ. ಆಸಿಡ್ ಮೇಲಿಂದ ಬೆಸುಗೆ ಸಡಿಲಿಸುತ್ತದೆ, ರೆಟಿನಾಯ್ಡ್ ಕೆಳಗಿಂದ ಹೊಸ ಕೋಶಗಳನ್ನು ಅವಸರ ಮಾಡಿ ತಳ್ಳುತ್ತದೆ. ಇದು ಚರ್ಮದ ನಡಿಗೆಗೆ ಹೆಜ್ಜೆ ಹಾಕುವುದಲ್ಲ, ಅದನ್ನು ಓಡಿಸುವುದು. ಓಡಿಸಬಾರದು ಅಂತಲ್ಲ, ಮೊಡವೆಗೆ ರೆಟಿನಾಯ್ಡ್ ಒಳ್ಳೆಯ ಔಷಧಿಯೇ. ಆದರೆ ನಾಲ್ಕು ರಾತ್ರಿಯ ಲೆಕ್ಕ ಬಂದದ್ದು ಚರ್ಮ ಎಷ್ಟು ಉರಿಯನ್ನು ತಾಳುತ್ತೆ ಅನ್ನೋದರಿಂದ. ಅದನ್ನು ಹಾಗಂತಲೇ ಹೇಳಿದರೆ ಏನು ಹೋಗ್ತಿತ್ತು?

ಹೋಗ್ತಿದ್ದದ್ದು ವ್ಯಾಪಾರ. ಉರಿ ತಾಳುವ ಶಕ್ತಿ ಒಬ್ಬೊಬ್ಬರದು ಒಂದೊಂದು ಥರ, ಅದಕ್ಕೆ ರೆಡಿಮೇಡ್ ಡಬ್ಬಿ ಮಾಡೋಕಾಗಲ್ಲ. ಸಹಜ ಚಕ್ರ ಅಂದ್ರೆ ಮಾಡಬಹುದು. ಈಗ ಸುಮ್ಮನಿರಬೇಕಾದ ರಾತ್ರಿಗೂ ರಿಕವರಿ ಕ್ರೀಮು ಬಂದಿದೆ, ನಾಲ್ಕು ರಾತ್ರಿಗೂ ಸೇರಿಸಿ ಕಿಟ್ ಬಂದಿದೆ. ಹೊಲ ಬೀಳು ಬಿಡಿ ಅಂದರೆ ಬೀಳು ಹೊಲಕ್ಕೇ ಒಂದು ಗೊಬ್ಬರ ಮಾರಿದ ಹಾಗೆ.

ನಮ್ಮ ಬಣ್ಣದವರಿಗೆ ಈ ಉರಿಯ ಲೆಕ್ಕ ಇನ್ನೂ ದುಬಾರಿ. ಬಿಳಿ ಚರ್ಮದಲ್ಲಿ ಕೆರಳಿಕೆ ಕೆಂಪಾಗಿ ಕಾಣಿಸಿ ಹೆಚ್ಚಾಗಿ ಹೋಗಿಬಿಡುತ್ತೆ. ಕಂದು ಚರ್ಮದಲ್ಲಿ ಅದು ಕಪ್ಪು ಕಲೆಯಾಗಿ ತಿಂಗಳುಗಟ್ಟಲೆ ಕೂರುತ್ತೆ, ಬಿಸಿಲು ತಗುಲಿದರೆ ಇನ್ನೂ ಗಾಢವಾಗುತ್ತೆ. ಕಲೆ ಹೋಗಲಿ ಅಂತ ಹಚ್ಚಿದ್ದೇ ಕಲೆ ಮಾಡುತ್ತೆ. ಆ ಕಲೆಗೆ ಇನ್ನಷ್ಟು ಆಸಿಡ್. (ನಿಂಬೆಹಣ್ಣು, ಸಕ್ಕರೆ ಹಾಕಿ ಉಜ್ಜುವ ಮನೆಮದ್ದಿನವರು ಹಿಗ್ಗಬೇಡಿ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಬೊಬ್ಬೆ ಬರೋದೂ ಉಂಟು.)

ನನಗೆ ಭಯ ಇರೋದು ಇದರ ಮುಂದಿನ ಹೆಜ್ಜೆಯ ಬಗ್ಗೆ. ಮೇಲೆ ಹೇಳಿದ ಕ್ಲಿಗ್‌ಮನ್ ಅವರೇ 1975ರಲ್ಲಿ ವಿಲ್ಲಿಸ್ ಜೊತೆ ಸೇರಿ ಚರ್ಮದ ಬಣ್ಣ ತಿಳಿ ಮಾಡುವ ಒಂದು ಮಿಶ್ರಣ ಪ್ರಕಟಿಸಿದರು. ಅದರಲ್ಲಿ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಅಂದರೆ ರೆಟಿನಾಯ್ಡೇ, ಜೊತೆಗೊಂದು ಸ್ಟೀರಾಯ್ಡ್. ಕೆರಳಿಕೆಯನ್ನು ಅಡಗಿಸೋದು ಸ್ಟೀರಾಯ್ಡಿನ ಒಂದು ಕೆಲಸ. ವೈದ್ಯರ ಕಣ್ಗಾವಲಲ್ಲಿ ಕೆಲವು ವಾರ ಬಳಸಬೇಕಾದ ಇಂಥ ಮಿಶ್ರಣ ನಮ್ಮ ಊರುಗಳಲ್ಲಿ ಮುಖ ಬೆಳ್ಳಗಾಗುವ ಟ್ಯೂಬ್ ಆಗಿಹೋಯ್ತು. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ಮೆಡಿಕಲ್ ಶಾಪಿನಲ್ಲಿ ಹೆಸರು ಹೇಳಿ ಇಸ್ಕೊಂಡು ಬರೋದು ನಿಂತಿಲ್ಲ.

ಉರಿ ಅಂದರೆ ಚರ್ಮ ಸಾಕು ಅನ್ನುವ ರೀತಿ. ಬೋ ಅವರ ಸೂತ್ರದಲ್ಲಿ ಅದಕ್ಕೆ ಉತ್ತರ ಇನ್ನೊಂದು ರಾತ್ರಿಯ ಬಿಡುವು. ಟ್ಯೂಬಿನಲ್ಲಿ ಅದರ ಬಾಯನ್ನೇ ಮುಚ್ಚಿಸಿರುತ್ತಾರೆ. ಒಂದೆರಡು ವಾರ ಮುಖ ಹೊಳೆಯುತ್ತೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪು ನರಗಳು ಕಾಣಿಸುತ್ತವೆ, ಮೊಡವೆ, ಬೇಡದ ಕೂದಲು ಬರುತ್ತೆ. ನಿಲ್ಲಿಸಿದರೆ ಅಡಗಿದ್ದ ಉರಿಯೆಲ್ಲ ಒಟ್ಟಿಗೆ ಏಳುತ್ತೆ. ಅದನ್ನು ತಾಳಲಾರದೆ ಮತ್ತೆ ಅದೇ ಟ್ಯೂಬು.

ಹಾಗಾಗಿ ನಾಲ್ಕು ರಾತ್ರಿ ಅನ್ನೋದನ್ನ ವ್ರತದ ಥರ ಹಿಡೀಬೇಡಿ. ಮುಖ ತೊಳೆದಾಗ ಚುರುಚುರು ಅಂದರೆ ಬಿಡುವು ನಾಲ್ಕಾಗಲಿ, ಆರಾಗಲಿ. ಬೆಳಿಗ್ಗೆ ಸನ್‌ಸ್ಕ್ರೀನ್ ಹಚ್ಚದವರು ಈ ಆಟಕ್ಕೆ ಇಳಿಯಲೇಬೇಡಿ. ಬಸುರಿಯರಿಗೆ, ಮಗುವಿಗಾಗಿ ಪ್ರಯತ್ನ ಮಾಡ್ತಿರುವವರಿಗೆ ರೆಟಿನಾಯ್ಡ್ ಬೇಡ. ರೀಲಿನವರು ಇದನ್ನು ಮರೀತಾರೆ. ಆ ಟ್ಯೂಬನ್ನು ಆಗಲೇ ತಿಂಗಳುಗಟ್ಟಲೆ ಹಚ್ಚಿದವರು ಇದನ್ನೋದಿ ಇವತ್ತೇ ಕಸಕ್ಕೆ ಎಸೆಯೋದಕ್ಕಿಂತ ಮೊದಲು, ಅದನ್ನೇ ಕೈಲಿ ಹಿಡಿದು ಚರ್ಮದ ಡಾಕ್ಟರ ಹತ್ತಿರ ಹೋಗಿ.